ಮೈಕ್ ಸೆಟ್ಟಿನವನು ಹೇಳಿದ್ದು

ಅವರ ಕರಪತ್ರಗಳೆಲ್ಲ ನನ್ನ ಅಂಗಡಿಯ ಟ್ರಂಕಿನಲ್ಲಿವೆ.
ಗುಲಾಬಿ ಕಾಗದ, ಹಸಿರು ಕಾಗದ, ಅಂಚು ಹುಳು ತಿಂದದ್ದು.
ಒಂದರಲ್ಲಿ ಬೇಬಿ ನೀಲಾ,
ಮತ್ತೊಂದರಲ್ಲಿ ಕುಮಾರಿ ನೀಲಾ,
ಆಮೇಲೆ ಶ್ರೀಮತಿ ನೀಲಾಂಬಿಕೆ. ಗಂಡ ಓಡಿಹೋದ ಮೇಲೂ ಶ್ರೀಮತಿಯೇ;
ಮೊಳೆ ಬದಲಿಸಲು ಪ್ರೆಸ್ಸಿನವನು ಒಂದೂವರೆ ರೂಪಾಯಿ ಕೇಳಿದನಂತೆ.

ಅಜ್ಜ ಕಂಪನಿಯ ಮಾಲೀಕ. ಅಪ್ಪ ಕಾಲು ಹಾರ್ಮೋನಿಯಂ.
ಅವ್ವ ನಾಯಕಿ. ಸೋದರಮಾವ ಪರದೆ ಬರೆಯುವವನು,
ಒಂದೇ ಅರಮನೆಯನ್ನು ನಲವತ್ತು ವರ್ಷ ಬರೆದವನು.
ಮೂರು ತುಂಬುವ ಮೊದಲೇ ಇವರಿಗೆ ಸತ್ತ ಮಗುವಿನ ಪಾತ್ರ.
ಅವ್ವನ ತೊಡೆಯ ಮೇಲೆ ನಿಜಕ್ಕೂ ನಿದ್ದೆ ಹೋಗುತ್ತಿದ್ದರು,
ಗೊರಕೆ ಕೇಳಿಸೀತೆಂದು
ಅವ್ವ ಅಳುತ್ತ ಅಳುತ್ತಲೇ ಚಿವುಟುತ್ತಿದ್ದಳು.
"ನನ್ನ ಮೊದಲನೇ ಪಗಾರ ಆ ನಿದ್ದಿಗೆ" ಅನ್ನುತ್ತಾರೆ.

ಗಜೇಂದ್ರಗಡದ ಕಡೆಯ ಡೇರೆ ಮಡಿಕೇರಿಗೆ ಬಂದದ್ದೇ ತಪ್ಪು ಲೆಕ್ಕ.
ಸಂಜೆ ಏಳಕ್ಕೆ ಮಂಜು
ಟಿಕೆಟ್ಟಿಲ್ಲದೆ ಒಳಗೆ ಬಂತು,
ನೆಲ, ಬೆಂಚು, ಕುರ್ಚಿ ದಾಟಿ
ರಂಗದ ಮೇಲೇ ಹತ್ತಿತು.
ರಾಜ ಎಲ್ಲಿ, ರಾಣಿ ಎಲ್ಲಿ, ಕಾಣದೆ ಜನ ಸಿಳ್ಳೆ ಹಾಕಿದರು.
ಪಕ್ಕದ ಪರದೆಯಿಂದ ಅವ್ವ ಇವರನ್ನು ನೂಕಿದಳು:
"ಹೋಗು, ಹಾಡು. ರಂಗ ಎಲ್ಲೈತಿ ಅಂತ ಮಂದಿಗೆ ಗೊತ್ತಾಗಲಿ."
ಹದಿನಾಲ್ಕರ ವಯಸ್ಸು. ಯಾವ ನಾಟಕದ್ದೂ ಅಲ್ಲದ ಒಂದು ಪದ ಹಿಡಿದರು.
ಮಹದೇವಪೇಟೆಯ ಮುದುಕರು ಇನ್ನೂ ಜಗಳವಾಡುತ್ತಾರೆ,
ಸೀರೆ ಕೆಂಪು ಎಂದು ಒಬ್ಬರು, ಹಳದಿ ಎಂದು ಒಬ್ಬರು.
ಯಾರೂ ನೋಡಿಲ್ಲ.

ಸಾಲಕ್ಕೆ ಲಾರಿ ಹೋಯಿತು, ಅರಮನೆ ಹೋಯಿತು,
ಕುಶಾಲನಗರದ ಸಾಹುಕಾರರೊಬ್ಬರು ಅದನ್ನು ಭತ್ತಕ್ಕೆ ಹೊದಿಸಿದರು.
ಇವರು ಇಲ್ಲೇ ಉಳಿದರು.
ಸೋಮವಾರಪೇಟೆಯ ಯುವಕ ಸಂಘದ ನಾಯಕ ಕುಡಿದು ಬಿದ್ದ ರಾತ್ರಿ
ಮೀಸೆ ಅಂಟಿಸಿಕೊಂಡು ಇವರೇ ನಾಯಕ,
ನಾಯಕಿಗೆ ಶ್ರುತಿ ಸೇರದಿದ್ದಾಗ
ಜನಕ್ಕೆ ಬೆನ್ನು ತಿರುಗಿಸಿ ಅವಳ ಹಾಡೂ ಇವರದೇ.
ಆಕಾಶವಾಣಿಯಲ್ಲಿ ಕೊಡವ ತಕ್ಕ್‌ನ ಅತ್ತೆ, ಅರೆಭಾಷೆಯ ಸೊಸೆ,
ಒಂದೇ ವಾರ, ಒಂದೇ ಮೈಕು.
ನಾಪೋಕ್ಲಿನಿಂದ ಅಜ್ಜಿಯೊಬ್ಬರು ಕಾರ್ಡು ಬರೆದರು:
ಆ ಅತ್ತೆ ಯಾವ ಒಕ್ಕದವಳು, ದಯವಿಟ್ಟು ತಿಳಿಸಿ.
ಏನು ತಿಳಿಸುವುದು! ಕಾರ್ಡು ದೇವರ ಪಟದ ಹಿಂದಿದೆ.

ಮದರಾಸಿಗೂ ಹೋಗಿ ಬಂದರು. ಮೂರು ಸಿನಿಮಾ.
ಒಂದರಲ್ಲಿ ಮುಖ ಇದೆ, ದನಿ ಬೇರೆಯವರದು.
ಎರಡರಲ್ಲಿ ದನಿ ಇದೆ, ಮುಖ ಬೇರೆಯವರದು.
"ಕೂಡಿಸಿದರ ಒಬ್ಬಾಕಿ ಪೂರಾ ಆಗಿ ಚೂರು ಉಳೀತದ."

ಈಗ ದಸರೆಗೆ ನಮ್ಮ ಮಂಟಪದ ದನಿ ಇವರದು.
ದೇವಿಯೂ ಇವರೇ, ರಾಕ್ಷಸನೂ ಇವರೇ.
ರಾಕ್ಷಸನಿಗೆ ಕಂಪ್ಯೂಟರಿನಲ್ಲಿ ದನಿ ಇಳಿಸಲು ಹೋದೆ.
"ಮುಟ್ಟಬ್ಯಾಡ. ಅವ ಮೊದಲಿಂದ ನನ್ನ ಹೊಟ್ಟ್ಯಾಗ ಅದಾನ."
ಕರಪತ್ರದಲ್ಲಿ ಹೆಸರಿಲ್ಲ, ಕೇಳಲೂ ಇಲ್ಲ.
ದುಡ್ಡು ಮಾತ್ರ ಮುಂಗಡ.

ಹೋದ ವರ್ಷ, ಬೆಳಗಿನ ಜಾವ ಮೂರೂವರೆ.
ಟ್ರ್ಯಾಕ್ಟರಿನ ಮೇಲೆ ದೇವಿ ತ್ರಿಶೂಲ ಎತ್ತಿದ್ದಳು,
ಕೊನೆಯ ಮಾತಿಗೆ ರಾಕ್ಷಸ ಬಾಯಿ ತೆರೆದಿದ್ದ.
ಜನರೇಟರ್ ನಿಂತಿತು.
ಅಷ್ಟು ಜನ, ಒಂದು ಸದ್ದಿಲ್ಲ. ಮಂಜು ಇಳಿಯುತ್ತಿತ್ತು.
ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ
ಮಫ್ಲರ್ ಸುತ್ತಿ ಕೂತಿದ್ದರು.
ನಾನು ಅತ್ತ ನೋಡಿದೆ. ನನಗೊಂದು ಆಸೆ,
ಈಗ ಎದ್ದು ನಿಂತು ಆ ಮಾತನ್ನು...
ಫ್ಲಾಸ್ಕಿನ ಮುಚ್ಚಳದ ಚಹಾ ಊದುತ್ತ ಅಂದರು:
"ನನ್ನ ಮಾರಿ ಏನ್ ನೋಡ್ತೀ, ಡೀಸೆಲ್ ನೋಡು."

ಎರಡನೆಯ ಬಹುಮಾನ ಬಂತು.

ಈ ಸಲ ಮಂಡಿ ನೋವು, ರೆಕಾರ್ಡಿಂಗಿಗೆ ಬರಲಿಲ್ಲ.
ಹಳೇದನ್ನೇ ಹಾಕು ಅಂದರು.
ಬಾಗಿಲೆಳೆದುಕೊಂಡು ಕೇಳುತ್ತಿದ್ದೇನೆ.
ದೇವಿ ಮುಗಿದು ರಾಕ್ಷಸ ಶುರುವಾಗುವ ಮುಂಚೆ
ಒಂದು ಕೆಮ್ಮು ಇದೆ, ಒಣದು, ಚಿಕ್ಕದು,
ಆಮೇಲೆ ಲೋಟ ಕೆಳಗಿಟ್ಟ ಸದ್ದು.
ಅದನ್ನು ಕತ್ತರಿಸು ಎಂದು ಸಮಿತಿಯವರು ಎರಡು ಸಲ ಹೇಳಿದ್ದಾರೆ.
ಆಯಿತು ಎಂದಿದ್ದೇನೆ.